ಒಳಗೆ ಕೈಯಿಟ್ಟು ಅಳೆಯುವ ಜೀವ: ಸನ್ಯಾಸಿ ಏಡಿ ಶಂಖ ಆರಿಸಿಕೊಳ್ಳುವ ಬಗೆ

ಡಿಸೆಂಬರ್ ಬಂತೆಂದರೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಶಾಲೆಗಳ ಪ್ರವಾಸದ ಬಸ್ಸುಗಳು ಮುರ್ಡೇಶ್ವರ, ಗೋಕರ್ಣ, ಮಲ್ಪೆಯ ದಾರಿ ಹಿಡಿಯುತ್ತವೆ. ವಾಪಸ್ಸು ಬರುವಾಗ ಮಕ್ಕಳ ಬ್ಯಾಗಿನಲ್ಲಿ ಒಂದು ಹಿಡಿಯಾದರೂ ಶಂಖ, ಕಪ್ಪೆಚಿಪ್ಪು ಇದ್ದೇ ಇರುತ್ತವೆ. ಮೂರನೆಯ ದಿನ ಶೋಕೇಸಿನಿಂದ ಕೊಳೆತ ಮೀನಿನ ವಾಸನೆ ಏಳುತ್ತದೆ. ಹುಡುಕಿದರೆ, ಖಾಲಿ ಎಂದುಕೊಂಡು ತಂದ ಶಂಖದ ಆಳದಲ್ಲಿ ಪುಟ್ಟ ಏಡಿಯೊಂದು ಸತ್ತಿರುತ್ತದೆ.

ಅದು ಸನ್ಯಾಸಿ ಏಡಿ. ಆ ಶಂಖ ಅದು ಕಟ್ಟಿದ್ದಲ್ಲ, ಹುಟ್ಟಿನಿಂದ ಬಂದದ್ದೂ ಅಲ್ಲ. ಕಡಲಿನ ಬಸವನಹುಳುವೊಂದು ವರ್ಷಗಟ್ಟಲೆ ಬೆಳೆಸಿ, ಸತ್ತು, ಬಿಟ್ಟುಹೋದ ಚಿಪ್ಪು. ಏಡಿ ಅದನ್ನು ಹುಡುಕಿದೆ, ಉರುಳಿಸಿದೆ, ಒಳಗೆ ಕೈ ಹಾಕಿ ಅಳೆದಿದೆ, ತನ್ನ ಮೈಮೇಲಿದ್ದ ಹಳೆಯದರ ಜೊತೆ ತೂಗಿನೋಡಿದೆ, ಆಮೇಲೆ ಹೊಕ್ಕಿದೆ. ಪುಕ್ಕಟೆ ಸಿಕ್ಕ ಮನೆ ಎಂದುಕೊಳ್ಳುತ್ತೇವೆ, ಆದರೆ ಕಡಲತೀರದಲ್ಲಿ ಅಷ್ಟು ಕಷ್ಟಪಟ್ಟು ಗಳಿಸಿದ ಆಸ್ತಿ ಇನ್ನೊಂದಿರಲಾರದು.

ನಮ್ಮ ಕೆರೆ ಕಟ್ಟೆಯಲ್ಲೋ ಗದ್ದೆ ಬದುವಿನಲ್ಲೋ ಸಿಗುವ ಏಡಿಕಾಯಿಯನ್ನು, ತೆಲುಗು ಮನೆಮಾತಿನವರ ಎಂಡ್ರಕಾಯಿಯನ್ನು, ಕೈಯಲ್ಲಿ ಹಿಡಿದವರಿಗೆ ಗೊತ್ತು: ಬೆನ್ನು, ಹೊಟ್ಟೆ, ಕಾಲು ಎಲ್ಲವೂ ಗಟ್ಟಿ. ಬಾಲದ ಭಾಗ ಚಪ್ಪಟೆಯಾಗಿ ಹೊಟ್ಟೆಯಡಿ ಮಡಚಿಕೊಂಡು ಕೂತಿರುತ್ತದೆ. ಸನ್ಯಾಸಿ ಏಡಿಗೆ ಮುಂದಿನ ಅರ್ಧ ಮಾತ್ರ ಹಾಗೆ. ಇಕ್ಕಳ, ನಡೆಯುವ ಕಾಲು, ತಲೆ, ಎದೆಗಳಿಗೆ ಗಟ್ಟಿ ಕವಚವಿದೆ. ಹಿಂದಿನ ಅರ್ಧ ಮೆತ್ತಗೆ, ತೆಳು ಚರ್ಮದ ಚೀಲದಂತೆ, ಬಲಕ್ಕೆ ಸುರುಳಿ ಸುತ್ತಿಕೊಂಡಿರುತ್ತದೆ. ಜೀರ್ಣಗ್ರಂಥಿ, ಹೆಣ್ಣಾದರೆ ಮೊಟ್ಟೆಯ ಗೊಂಚಲು, ಎಲ್ಲ ಇರುವುದು ಆ ಮೆತ್ತನೆ ಭಾಗದಲ್ಲೇ. ಅದನ್ನು ಬಯಲಿಗಿಟ್ಟರೆ ಮೀನು, ಹಕ್ಕಿ, ಬೇರೆ ಏಡಿ ಯಾವುದಾದರೂ ಹರಿದು ತಿನ್ನುತ್ತದೆ. ಒಣಗಾಳಿ ಬಡಿದರಂತೂ ತಾನಾಗಿಯೇ ಒಣಗಿ ಸಾಯುತ್ತದೆ. ಜಗತ್ತಿನಲ್ಲಿ 800ಕ್ಕೂ ಹೆಚ್ಚು ಜಾತಿಯ ಸನ್ಯಾಸಿ ಏಡಿಗಳಿವೆ, ಬಹುತೇಕ ಎಲ್ಲವುಗಳ ಬದುಕು ಈ ಒಂದು ಬಲಹೀನತೆಯ ಸುತ್ತಲೇ ಹೆಣೆದುಕೊಂಡಿದೆ.

ಹತ್ತು ಕಾಲುಗಳ ಹಂಚಿಕೆಯನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ಮೊದಲ ಜೋಡಿ ಇಕ್ಕಳ. ಎರಡನೆಯದು, ಮೂರನೆಯದು ನಡೆಯುವುದಕ್ಕೆ. ನಾಲ್ಕು ಮತ್ತು ಐದನೆಯ ಜೋಡಿಗಳು ತೀರ ಚಿಕ್ಕವು, ಹೊರಗೆ ಕಾಣುವುದೇ ಕಡಿಮೆ. ಅವುಗಳ ತುದಿಯಲ್ಲಿ ಅರದಂತೆ ಒರಟಾದ ಹುರುಪೆಗಳಿದ್ದು, ಶಂಖದ ಒಳಗೋಡೆಗೆ ಒತ್ತಿ ಹಿಡಿಯಲು ಬಳಕೆಯಾಗುತ್ತವೆ. ಬಾಲದ ತುದಿಯಲ್ಲಿ ಕೊಕ್ಕೆಯಂಥ ಎರಡು ಅಂಗಗಳಿವೆ, ಎಡಗಡೆಯದು ದೊಡ್ಡದು. ಅದು ಶಂಖದ ನಡುಗಂಬವನ್ನು ತಬ್ಬಿ ಹಿಡಿಯುತ್ತದೆ.

ಈ ನಡುಗಂಬ ಎಲ್ಲಿದೆ ಎಂದು ನೋಡಲು ಕಡಲಿಗೆ ಹೋಗಬೇಕಾಗಿಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅಂಗಳದ ಕೆಸರು ಒಡೆದ ಕಡೆ ಕೆರೆ ಬಸವನಹುಳುವಿನ ಖಾಲಿ ಚಿಪ್ಪು ಬೇಕಾದಷ್ಟು ಸಿಗುತ್ತವೆ. ಒಂದನ್ನು ತೊಳೆದು, ಅದರ ಹೊಟ್ಟೆಯ ಪಕ್ಕವನ್ನು ಒರಟು ಗ್ರಾನೈಟ್ ಕಲ್ಲಿನ ಮೇಲೆ ನೀರು ಚಿಮುಕಿಸುತ್ತ ನಿಧಾನಕ್ಕೆ ತೇಯಿರಿ. ಒತ್ತಿದರೆ ಪುಡಿಯಾಗುತ್ತದೆ, ಹಗುರ ಕೈಯಿರಲಿ. ಗೋಡೆ ಸವೆದು ಕಿಟಕಿ ತೆರೆದಂತೆ ಒಳಗು ಕಾಣತೊಡಗುತ್ತದೆ. ಬಾಯಿಯಿಂದ ತುದಿಯವರೆಗೆ ನಡುವೆ ಒಂದು ತಿರುಚಿದ ಕಂಬ, ಅದರ ಸುತ್ತ ಮೇಲಕ್ಕೆ ಹೋದಂತೆ ಕಿರಿದಾಗುವ ಓಣಿ. ಏಡಿಯ ಮೈ ಮಲಗುವುದು ಆ ಓಣಿಯಲ್ಲಿ, ಬಾಲದ ಕೊಕ್ಕೆ ಕೂರುವುದು ಆ ಕಂಬದ ಮೇಲೆ. ಹೊರಗಿನಿಂದ ಏಡಿಯನ್ನು ಹಿಡಿದೆಳೆದರೆ ಅದು ಬಿಡುವುದಿಲ್ಲ, ಮೈ ಹರಿದುಕೊಂಡಾದರೂ ಹಿಡಿದಿರುತ್ತದೆ. ಎಳೆದು ತೆಗೆದ ಏಡಿ ಬದುಕುವುದು ಕಷ್ಟ. ಆದ್ದರಿಂದ ಮಕ್ಕಳಿಗೆ ಮೊದಲು ಹೇಳಬೇಕಾದ ಮಾತು ಇದೇ: ಒಳಗಿನದನ್ನು ಎಳೆಯಬೇಡಿ.

ತಿರುವಿನ ದಿಕ್ಕೂ ಮುಖ್ಯ. ಶಂಖದ ಸುರುಳಿಯ ಚೂಪು ತುದಿ ಮೇಲಕ್ಕೆ, ಬಾಯಿ ನಮ್ಮ ಕಡೆಗೆ ಇರುವಂತೆ ಹಿಡಿದರೆ ಹೆಚ್ಚಿನ ಎಲ್ಲ ಶಂಖಗಳ ಬಾಯಿ ಬಲಗಡೆ ತೆರೆಯುತ್ತದೆ. ಏಡಿಯ ಮೈ ಸುತ್ತಿಕೊಂಡಿರುವುದು ಇದಕ್ಕೆ ಹೊಂದುವಂತೆಯೇ. ಪೂಜೆಮನೆಯಲ್ಲಿ ಅಪರೂಪವೆಂದು ಇಟ್ಟುಕೊಳ್ಳುವ ಬಲಮುರಿ ಶಂಖ ಈ ಲೆಕ್ಕದಲ್ಲಿ ಉಲ್ಟಾ, ಅದರ ಬಾಯಿ ಎಡಗಡೆಗೆ. ನಮಗೆ ಅದು ಎಷ್ಟೇ ಶ್ರೇಷ್ಠವಾದರೂ ಏಡಿಯ ಮೈಗೆ ಒಗ್ಗುವುದಿಲ್ಲ.

ಏಡಿ ಏನನ್ನು ಅಳೆಯುತ್ತದೆ

ಚಂದ, ಬಣ್ಣ, ಹೊಳಪು ನಮ್ಮ ಲೆಕ್ಕ. ಏಡಿಯ ಲೆಕ್ಕದಲ್ಲಿ ಮೊದಲು ಬರುವುದು ಒಳಗಿನ ಜಾಗ ಮತ್ತು ಹೊರಗಿನ ತೂಕ. ಇವೆರಡೂ ಒಂದಕ್ಕೊಂದು ಜಗ್ಗಾಡುತ್ತವೆ. ಜಾಗ ಹೆಚ್ಚಿದ್ದರೆ ಅಪಾಯ ಬಂದಾಗ ಪೂರ್ತಿ ಒಳಸರಿಯಬಹುದು, ಪೊರೆ ಬಿಟ್ಟು ದೊಡ್ಡದಾಗಬಹುದು, ಹೆಣ್ಣು ಹೆಚ್ಚು ಮೊಟ್ಟೆ ಹೊರಬಹುದು. ಆದರೆ ದೊಡ್ಡ ಶಂಖ ಭಾರ. ಅದನ್ನು ಹೊತ್ತು ನಡೆಯಲು ಹೆಚ್ಚು ಶಕ್ತಿ ಬೇಕು, ನೆಲದ ಮೇಲೆ ಬದುಕುವ ಜಾತಿಗಳಿಗಂತೂ ನೀರಿನ ಆಸರೆಯಿಲ್ಲದೆ ಪೂರ್ತಿ ಭಾರ ಮೈಮೇಲೆಯೇ. ಶಂಖ ಚಿಕ್ಕದಾದರೆ ಭಾರ ಕಡಿಮೆ, ಆದರೆ ಇಕ್ಕಳ ಹೊರಗೇ ಉಳಿಯುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಬಿಗಿ ಶಂಖದಲ್ಲಿರುವ ಏಡಿ ಪೊರೆ ಬಿಟ್ಟರೂ ಹೆಚ್ಚು ಹಿಗ್ಗುವುದಿಲ್ಲ. ಊಟ ಸಾಕಷ್ಟಿದ್ದೂ ಬೆಳೆಯದ ಏಡಿ ಎಂದರೆ ಅನೇಕ ಸಲ ಶಂಖ ಸಾಲದ ಏಡಿ.

ಈ ಜಗ್ಗಾಟವನ್ನು ಸಂಖ್ಯೆಯಲ್ಲಿ ಹಿಡಿಯಲು ಸಂಶೋಧಕರು ಸರಳ ದಾರಿಯೊಂದನ್ನು 1970ರ ದಶಕದಿಂದ ಬಳಸುತ್ತಿದ್ದಾರೆ. ಏಡಿಗಳ ಮುಂದೆ ಬಗೆಬಗೆ ಅಳತೆಯ ಶಂಖ ಸುರಿದು, ಇಷ್ಟು ತೂಕದ ಏಡಿ ಇಷ್ಟು ಅಳತೆಯದನ್ನು ಆರಿಸುತ್ತದೆ ಎಂಬ ಪಟ್ಟಿ ಮಾಡಿಕೊಳ್ಳುತ್ತಾರೆ. ಆಮೇಲೆ ಕಡಲತೀರದ ಒಂದು ಏಡಿಯ ಮೈಮೇಲಿರುವ ಶಂಖ ಯಾವ ತೂಕದ ಏಡಿಗೆ ಸರಿಯಾದದ್ದೋ ಆ ತೂಕವನ್ನು, ಏಡಿಯ ನಿಜವಾದ ತೂಕದಿಂದ ಭಾಗಿಸುತ್ತಾರೆ. ಉತ್ತರ 1 ಬಂದರೆ ಹೇಳಿ ಮಾಡಿಸಿದ ಮನೆ. 1ಕ್ಕಿಂತ ಕಡಿಮೆ ಬಂದರೆ ಇಕ್ಕಟ್ಟು, ಹೆಚ್ಚಾದರೆ ದೊಡ್ಡದು. ಅನೇಕ ಕಡಲತೀರಗಳಲ್ಲಿ, ಅದರಲ್ಲೂ ದೊಡ್ಡ ಏಡಿಗಳಿಗೆ, ಈ ಉತ್ತರ 1ಕ್ಕಿಂತ ಕೆಳಗೇ ಇರುತ್ತದೆ. ಅಂದರೆ ಬಹಳ ಏಡಿಗಳು ಬೇಕಾದದ್ದಕ್ಕಿಂತ ಚಿಕ್ಕ ಮನೆಯಲ್ಲಿ ದಿನ ತಳ್ಳುತ್ತಿವೆ.

ಜಾಗ ಮತ್ತು ತೂಕದ ಸಂಬಂಧವನ್ನು ಮನೆಯಲ್ಲೇ ಅಳೆಯಬಹುದು. ಮೆಡಿಕಲ್ ಶಾಪಿನ 10 ಮಿಲಿ ಸಿರಿಂಜು, ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು. ಒಣ ಚಿಪ್ಪನ್ನು ತೂಗಿ ಬರೆದುಕೊಳ್ಳಿ. ಬಾಯಿ ಮೇಲೆ ಮಾಡಿ ಹಿಡಿದು ಸಿರಿಂಜಿನಿಂದ ನೀರು ತುಂಬಿಸಿ, ನಡುನಡುವೆ ತುಸು ವಾಲಿಸಿ, ಇಲ್ಲದಿದ್ದರೆ ಮೇಲಿನ ಸುತ್ತುಗಳಲ್ಲಿ ಗಾಳಿ ಸಿಕ್ಕಿಕೊಂಡು ಲೆಕ್ಕ ತಪ್ಪುತ್ತದೆ. ಎಷ್ಟು ಮಿಲಿ ಹಿಡಿಯಿತೋ ಅದನ್ನು ಗ್ರಾಂ ತೂಕದಿಂದ ಭಾಗಿಸಿದರೆ, ಹೊರುವ ಒಂದೊಂದು ಗ್ರಾಮಿಗೆ ಎಷ್ಟು ಜಾಗ ಸಿಗುತ್ತದೆ ಎಂಬುದು ಕೈಗೆ ಬರುತ್ತದೆ. ಕೆರೆ ಬಸವನಹುಳುವಿನ ಚಿಪ್ಪಿಗೆ ಈ ಅಂಕಿ ಜೋರಾಗಿ ಬರುತ್ತದೆ, ಏಕೆಂದರೆ ಅದರ ಗೋಡೆ ತೆಳು. ಕಡಲಿನ ದಪ್ಪ ಶಂಖಕ್ಕೆ ಕಡಿಮೆ ಬರುತ್ತದೆ. ಹಾಗಾದರೆ ತೆಳುವಾದದ್ದೇ ಒಳ್ಳೆಯದೇ? ಅಲ್ಲ. ಚಿಪ್ಪು ಒಡೆಯುವ ಏಡಿ, ಮೀನುಗಳಿರುವ ಕಡೆ ತೆಳು ಗೋಡೆ ಪ್ರಾಣಕ್ಕೇ ಸಂಚಕಾರ. ಯಾವ ಭಯ ಹೆಚ್ಚು ಎಂಬುದರ ಮೇಲೆ ಯಾವ ಶಂಖ ಒಳ್ಳೆಯದು ಎಂಬುದು ನಿಂತಿದೆ.

ಮೂರನೆಯದು ಬಾಯಿ. ಒಳಸರಿದ ಏಡಿ ತನ್ನ ದೊಡ್ಡ ಇಕ್ಕಳವನ್ನೇ ಬಾಗಿಲಾಗಿಸಿ ಬಾಯಿ ಮುಚ್ಚುತ್ತದೆ. ನೆಲದ ಏಡಿಗಳಲ್ಲಿ ಎಡ ಇಕ್ಕಳ ದೊಡ್ಡದು, ಪಗುರಸ್ ಕುಲದ ಕಡಲೇಡಿಗಳಲ್ಲಿ ಬಲ ಇಕ್ಕಳ ದೊಡ್ಡದು. ಬಾಯಿ ಅಗಲವಾದರೆ ಪಕ್ಕದಲ್ಲಿ ಸಂದು ಉಳಿಯುತ್ತದೆ, ಶತ್ರುವಿನ ಕಾಲು ತೂರಲು ಅಷ್ಟು ಸಾಕು. ಬಾಯಿ ಕಿರಿದಾದರೆ ಇಕ್ಕಳವೇ ಒಳಗೆ ಹೋಗದು. ಬಾಯಿಯ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಕೆಲವು ಜಾತಿಗಳಿಗೆ ದುಂಡನೆಯ ಬಾಯಿ ಬೇಕು, ಕೆಲವಕ್ಕೆ ಅಂಡಾಕಾರದ್ದು ಹೊಂದುತ್ತದೆ.

ಆಮೇಲೆ ಗಾಯಗಳು. ನಟಿಕಾ ಎಂಬ ಬಸವನಹುಳು ಬೇರೆ ಚಿಪ್ಪುಗಳಿಗೆ ಡ್ರಿಲ್ ಹೊಡೆದಂತೆ ದುಂಡಗೆ ತೂತು ಕೊರೆದು ಒಳಗಿನ ಮಾಂಸ ತಿನ್ನುತ್ತದೆ. ಮಕ್ಕಳು ದಾರ ಪೋಣಿಸಿ ಸರ ಮಾಡಲು ಹುಡುಕುವುದು ಅಂಥ ತೂತಿನ ಚಿಪ್ಪುಗಳನ್ನೇ. ಏಡಿಗಳು ಅವನ್ನು ಆದಷ್ಟು ದೂರವಿಡುತ್ತವೆ. ನೆಲದ ಏಡಿಗೆ ತೂತು ಇನ್ನೂ ದೊಡ್ಡ ತೊಂದರೆ. ಅದು ಕಿವಿರು ಒದ್ದೆಯಿರಲಿ ಎಂದು ಶಂಖದಲ್ಲಿ ಒಂದಿಷ್ಟು ನೀರು ಹೊತ್ತು ತಿರುಗುತ್ತದೆ, ತೂತಿನ ಬಿಂದಿಗೆಯಲ್ಲಿ ನೀರು ನಿಲ್ಲುವುದಿಲ್ಲ.

ಇದೆಲ್ಲಕ್ಕೂ ಮುಂಚೆ, ಇದು ಕಲ್ಲೋ ಶಂಖವೋ ಎಂದು ಗೊತ್ತಾಗಬೇಕಲ್ಲ? ಆಕಾರವನ್ನು ಕಣ್ಣು ಹಿಡಿಯುತ್ತದೆ, ಉಳಿದದ್ದನ್ನು ಇಕ್ಕಳ ಮತ್ತು ಕಾಲಿನ ಸಂವೇದಿ ರೋಮಗಳು. ಚಿಪ್ಪಿನಲ್ಲಿರುವ ಕ್ಯಾಲ್ಸಿಯಂ ಅನ್ನು ಏಡಿ ಮುಟ್ಟಿಯೇ ರುಚಿ ಹಿಡಿದಂತೆ ಗುರುತಿಸುತ್ತದೆ ಎಂದು 1982ರಲ್ಲಿ ಪ್ರಯೋಗಗಳು ತೋರಿಸಿದವು. ಅಚ್ಚು ಹೊಯ್ದ ನಕಲಿ ಚಿಪ್ಪಿಗೂ ಅಸಲಿಗೂ ಇರುವ ವ್ಯತ್ಯಾಸ ಅದಕ್ಕೆ ಕೈಯಲ್ಲೇ ಸಿಗುತ್ತದೆ. ವಾಸನೆಯೂ ದಾರಿ ತೋರಿಸುತ್ತದೆ: ಬಸವನಹುಳುವನ್ನು ಬೇರೆ ಪ್ರಾಣಿ ಕೊಂದು ತಿನ್ನುತ್ತಿರುವಾಗ ನೀರಿನಲ್ಲಿ ಹರಡುವ ಮಾಂಸದ ವಾಸನೆ ಹಿಡಿದು ಏಡಿಗಳು ಅಲ್ಲಿಗೆ ನೆರೆಯುತ್ತವೆ. ಏಡಿಗಳು ಜೀವಂತ ಬಸವನಹುಳುವನ್ನು ಕೊಂದು ಮನೆ ಕಸಿಯುವುದು ತೀರ ಅಪರೂಪ. ಅವು ಕಾಯುತ್ತವೆ.

ರೀಲರ್ ಗೂಡು ನೋಡುವಂತೆ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೀಲರ್, ಅಂದರೆ ಗೂಡಿನಿಂದ ನೂಲು ತೆಗೆಯುವವರು, ಒಂದು ಲಾಟಿನ ಮುಂದೆ ನಿಂತಾಗ ಮಾಡುವುದನ್ನು ನೆನೆಯಿರಿ. ಮೊದಲು ಬಣ್ಣ, ಕಲೆ ನೋಡುತ್ತಾರೆ. ಮೇಲಿನದನ್ನು ನಂಬದೆ ಅಡಿಗೆ ಕೈ ಹಾಕಿ ಹಿಡಿ ಗೂಡು ತೆಗೆಯುತ್ತಾರೆ. ಹೆಬ್ಬೆರಳಲ್ಲಿ ಒತ್ತುತ್ತಾರೆ, ಅದುಮಿಕೊಂಡರೆ ಪದರ ತೆಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ, ಒಳಗಿನ ಕೋಶ ಸದ್ದು ಮಾಡದೆ ಅಂಟಿಕೊಂಡಿದ್ದರೆ ಕರಗಿದ ಗೂಡು. ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು ಎಷ್ಟಿವೆ ನೋಡುತ್ತಾರೆ. ಅದಾದಮೇಲೆ ದರ. ಒಂದೊಂದು ಹೆಜ್ಜೆಯಲ್ಲೂ ಬೇಡವೆನಿಸಿದರೆ ಅಲ್ಲೇ ಬಿಟ್ಟು ಮುಂದಕ್ಕೆ.

ಏಡಿಯ ಕೆಲಸವೂ ಹೀಗೇ ಹಂತ ಹಂತ. ಹತ್ತಿರ ಬಂದು ಮೀಸೆಯಿಂದ, ಇಕ್ಕಳದ ತುದಿಯಿಂದ ಮುಟ್ಟುತ್ತದೆ. ಸರಿಯೆನಿಸಿದರೆ ಕಾಲುಗಳಿಂದ ತಬ್ಬಿ ಹಿಡಿದು ಮೇಲೇರಿ ಹೊರಮೈಯನ್ನೆಲ್ಲ ಸವರುತ್ತದೆ. ಶಂಖವನ್ನು ಉರುಳಿಸುತ್ತದೆ. ತೂಕದ ಅಂದಾಜು ಸಿಗುವುದು ಈ ಉರುಳಾಟದಲ್ಲಿ. ಬಾಯಿ ಸಿಕ್ಕಿದೊಡನೆ ಅದನ್ನು ತನ್ನ ಕಡೆಗೆ ತಿರುಗಿಸಿಕೊಂಡು ಇಕ್ಕಳವನ್ನು, ಕಾಲುಗಳನ್ನು ಒಳಗೆ ಇಳಿಸುತ್ತದೆ. ಎಷ್ಟು ಆಳಕ್ಕೆ ಹೋಯಿತು, ಪಕ್ಕದ ಗೋಡೆ ಎಲ್ಲಿ ತಾಗಿತು, ಮರಳು ತುಂಬಿದೆಯೇ, ಇನ್ನೊಂದು ಜೀವ ಒಳಗಿದೆಯೇ, ಎಲ್ಲವೂ ಆ ಒಂದು ಕೈಯಿಂದ ತಿಳಿಯುತ್ತದೆ. ಮರಳಿದ್ದರೆ ಚೂರುಚೂರೇ ತೆಗೆದು ಹೊರಗೆ ಹಾಕುತ್ತದೆ. ಬಾಯಿ ಮುಚ್ಚಿಹೋದ ಶಂಖವಾದರೆ ಬಿಟ್ಟು ಹೋಗುತ್ತದೆ. ಸ್ವಲ್ಪ ಹೊತ್ತಿನ ನಂತರ ಅದೇ ಶಂಖ ಮತ್ತೆ ಎದುರಾದರೆ ಹಳೆಯ ನೆನಪಿನಿಂದ ಬೇಗನೇ ತಿರಸ್ಕರಿಸುತ್ತದೆ.

ಒಪ್ಪಿಗೆಯಾದರೆ ಮುಂದಿನದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಹೊಸ ಶಂಖದ ಬಾಯಿಯನ್ನು ಹಳೆಯದರ ಪಕ್ಕಕ್ಕೆ ಎಳೆದುಕೊಂಡು, ಕೊಕ್ಕೆ ಸಡಿಲಿಸಿ, ಮೆತ್ತನೆಯ ಮೈಯನ್ನು ಹೊರಗೆ ಎಳೆದು, ಬಾಲ ಮುಂದಾಗಿ ಹೊಸದರೊಳಗೆ ತೂರಿಸುತ್ತದೆ. ಒಂದೆರಡು ಸೆಕೆಂಡಿನ ಕೆಲಸ. ಆದರೆ ಹಳೆಯದನ್ನು ಕೈಬಿಡುವುದಿಲ್ಲ, ಕಾಲಿನಲ್ಲಿ ಹಿಡಿದೇ ಇರುತ್ತದೆ. ಹೊಸದರಲ್ಲಿ ಒಮ್ಮೆ ಒಳಸರಿದು, ಒಮ್ಮೆ ಎದ್ದು ನಿಂತು, ಭಾರ ನೋಡಿ, ಸರಿಬಾರದಿದ್ದರೆ ತಕ್ಷಣ ವಾಪಸ್ಸು. ಹೀಗೆ ಎರಡು ಮೂರು ಸಲ ಅತ್ತಿತ್ತ ಆಗುವುದೂ ಉಂಟು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಶಂಖದ ಬೆಲೆ ಶಂಖದಲ್ಲಷ್ಟೇ ಇಲ್ಲ, ಏಡಿ ಈಗ ಯಾವ ಮನೆಯಲ್ಲಿದೆ ಎಂಬುದರಲ್ಲೂ ಇದೆ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿರುವ ಕ್ವೀನ್ಸ್ ವಿಶ್ವವಿದ್ಯಾಲಯದ ಸಂಶೋಧಕ ರಾಬರ್ಟ್ ಎಲ್ವುಡ್ ದಶಕಗಳ ಕಾಲ ಪಗುರಸ್ ಬರ್ನ್‌ಹಾರ್ಡಸ್ ಎಂಬ ಯುರೋಪಿನ ಜಾತಿಯನ್ನು ಇಟ್ಟುಕೊಂಡು ಇದನ್ನೇ ಬಿಡಿಸಿ ನೋಡಿದರು. ಕೆಟ್ಟ ಶಂಖದಲ್ಲಿರುವ ಏಡಿ ಒಳ್ಳೆಯದು ಕಂಡಾಗ ಬೇಗ ನಿರ್ಧರಿಸುತ್ತದೆ. ಒಳ್ಳೆಯದರಲ್ಲೇ ಇರುವ ಏಡಿ ಅದೇ ಶಂಖವನ್ನು ಮುಟ್ಟಿ ಬಿಟ್ಟುಬಿಡುತ್ತದೆ. ಪರೀಕ್ಷೆ ನಡೆಯುತ್ತಿರುವಾಗ ಹೆದರಿಸಿದರೆ, ಲಾಭ ಹೆಚ್ಚಿರುವ ಏಡಿ ಭಯ ಬಿಟ್ಟು ಬೇಗ ಕೆಲಸಕ್ಕೆ ಮರಳುತ್ತದೆ.

2009ರಲ್ಲಿ ಎಲ್ವುಡ್ ಮತ್ತು ಮಿರ್ಯಮ್ ಆಪೆಲ್ ಪ್ರಕಟಿಸಿದ ಪ್ರಯೋಗ ಇನ್ನೂ ಆಳಕ್ಕೆ ಹೋಯಿತು. ಏಡಿಗಳಿಗೆ ಎರಡು ಬಗೆಯ ಶಂಖ ಕೊಟ್ಟರು, ಒಂದು ಅವುಗಳಿಗೆ ಇಷ್ಟವಾದದ್ದು, ಇನ್ನೊಂದು ಅಷ್ಟಾಗಿ ಇಷ್ಟವಿಲ್ಲದ್ದು. ಶಂಖದೊಳಗೆ ಸಣ್ಣ ತಂತಿ ಇಳಿಸಿ ಮೈಗೆ ಲಘು ಕರೆಂಟು ತಾಗಿಸಿದರು. ಇಷ್ಟವಿಲ್ಲದ ಮನೆಯಲ್ಲಿದ್ದವು ಹೆಚ್ಚಾಗಿ ಹೊರಬಿದ್ದವು, ಇಷ್ಟದ ಮನೆಯಲ್ಲಿದ್ದವು ಅದನ್ನು ತಡೆದುಕೊಂಡು ಕೂತದ್ದೇ ಹೆಚ್ಚು. ಹೊರಬರುವಷ್ಟು ಕರೆಂಟು ತಾಗದ ಏಡಿಗಳೂ ಆಮೇಲೆ ಹೊಸ ಶಂಖ ಕೊಟ್ಟಾಗ ಬೇಗ ಹತ್ತಿರ ಹೋದವು, ಹೆಚ್ಚು ಪರೀಕ್ಷಿಸದೆ ಹೊಕ್ಕವು. ಬರೀ ಯಾಂತ್ರಿಕ ಪ್ರತಿಕ್ರಿಯೆಯಾಗಿದ್ದರೆ ಶಂಖದ ಗುಣ ನೋಡಿ ಬದಲಾಗುತ್ತಿರಲಿಲ್ಲ. ಒಳಗಿನ ನೋವು, ಮನೆಯ ಬೆಲೆ, ಎರಡನ್ನೂ ಅದು ಒಟ್ಟಿಗೆ ತೂಗುತ್ತಿತ್ತು. ಈ ಜೀವವನ್ನು ಆಟದ ಸಾಮಾನಿನಂತೆ ಬಾಟಲಿಯಲ್ಲಿ ಹಾಕಿ ತರುವ ಮುಂಚೆ ಇದನ್ನು ತಿಳಿದಿರಬೇಕು.

ಒಂದು ಖಾಲಿಯಾದರೆ ಹತ್ತಕ್ಕೆ ಅನುಕೂಲ

ಶಂಖಗಳ ಸಂಖ್ಯೆ ಬಸವನಹುಳುಗಳ ಸಾವಿನ ಮೇಲೆ ನಿಂತಿದೆ, ಏಡಿಗಳ ಬೇಡಿಕೆಯ ಮೇಲಲ್ಲ. ಆದ್ದರಿಂದ ಒಂದು ದೊಡ್ಡ ಒಳ್ಳೆಯ ಶಂಖ ದಡಕ್ಕೆ ಬಿದ್ದರೆ ಅದರಿಂದ ಒಬ್ಬರಿಗಷ್ಟೇ ಮನೆಯಾಗುವುದಿಲ್ಲ. ದೊಡ್ಡ ಏಡಿ ಅದಕ್ಕೆ ಹೋದರೆ ಅದರ ಹಳೆಯದು ಖಾಲಿ, ಅದಕ್ಕೆ ಇನ್ನೊಂದು, ಅದರ ಹಳೆಯದಕ್ಕೆ ಮತ್ತೊಂದು. ಸಮಾಜಶಾಸ್ತ್ರಜ್ಞ ಐವನ್ ಚೇಸ್ 1980ರ ದಶಕದಲ್ಲಿ ಈ ಸರಪಳಿಯನ್ನು ಏಡಿಗಳಲ್ಲಿ ಅಧ್ಯಯನ ಮಾಡಿ, ಮನುಷ್ಯರ ಮನೆ, ಕೆಲಸಗಳು ಖಾಲಿಯಾಗುವ ರೀತಿಯ ಜೊತೆ ಹೋಲಿಸಿದರು.

ಕೆರಿಬಿಯನ್ನಿನ ನೆಲದ ಏಡಿಗಳ ಮೇಲೆ ಮಧ್ಯ ಅಮೆರಿಕದ ಬೆಲೀಜ್ ದೇಶದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ಎರಡು ಬಗೆಯ ಸರಪಳಿಗಳನ್ನು ಬೇರ್ಪಡಿಸಿತು. ಒಂದರಲ್ಲಿ ಏಡಿಗಳು ಒಂದೊಂದಾಗಿ, ತಮ್ಮ ಪಾಡಿಗೆ, ಸಿಕ್ಕ ಖಾಲಿಗೆ ಹೋಗುತ್ತವೆ. ಇನ್ನೊಂದರಲ್ಲಿ, ತನಗೆ ತೀರ ದೊಡ್ಡದಾದ ಶಂಖ ಕಂಡ ಏಡಿ ಅದನ್ನು ಬಿಟ್ಟುಹೋಗದೆ ಪಕ್ಕದಲ್ಲೇ ಕಾಯುತ್ತದೆ. ಇನ್ನಷ್ಟು ಏಡಿಗಳು ಸೇರುತ್ತವೆ. ನಿಧಾನವಾಗಿ ಅವು ಒಂದನ್ನೊಂದು ಹಿಡಿದು ದೊಡ್ಡದರಿಂದ ಚಿಕ್ಕದಕ್ಕೆ ಸಾಲುಗಟ್ಟುತ್ತವೆ. ಆ ದೊಡ್ಡ ಶಂಖಕ್ಕೆ ಸರಿಹೊಂದುವ ಏಡಿ ಬಂದು ಹೊಕ್ಕ ಮರುಕ್ಷಣ ಸಾಲೆಲ್ಲ ಪಟಪಟನೆ ಒಂದೊಂದು ಮನೆ ಮೇಲಕ್ಕೆ ಏರುತ್ತದೆ. ಕೊನೆಗೆ ಉಳಿಯುವುದು ಎಲ್ಲಕ್ಕಿಂತ ಚಿಕ್ಕ, ಎಲ್ಲಕ್ಕಿಂತ ಹರಕು ಶಂಖ ಒಂದೇ. ಶೋಕೇಸಿಗೆಂದು ನಾವು ಎತ್ತಿಕೊಳ್ಳುವುದು ಸಾಲಿನ ಮೊದಲಿನದನ್ನು: ದೊಡ್ಡದು, ದುಂಡನೆಯದು, ತೂತಿಲ್ಲದ್ದು.

ಖಾಲಿ ಸಿಗದಿದ್ದರೆ ಜಗಳ. ಆಕ್ರಮಣ ಮಾಡುವ ಏಡಿ ಎದುರಾಳಿಯ ಶಂಖವನ್ನು ತಬ್ಬಿ ಹಿಡಿದು ತನ್ನ ಶಂಖದಿಂದ ಅದಕ್ಕೆ ಟಕಟಕ ಗುದ್ದುತ್ತದೆ. ಒಂದಷ್ಟು ಏಟು, ಬಿಡುವು, ಮತ್ತೆ ಒಂದಷ್ಟು ಏಟು. ಎಲ್ವುಡ್ ಮತ್ತು ಮಾರ್ಕ್ ಬ್ರಿಫಾ ಕಂಡುಕೊಂಡ ಹಾಗೆ ಏಟು ಜೋರಾಗಿದ್ದು ನಡುವಿನ ಬಿಡುವು ಚಿಕ್ಕದಿದ್ದರೆ ಗೆಲುವು ಹೆಚ್ಚು. ಒಳಗಿನದು ಸೋತು ಕೊಕ್ಕೆ ಬಿಟ್ಟರೆ ಬತ್ತಲೆಯಾಗಿ ಹೊರಬಂದು, ಗೆದ್ದದ್ದು ಬಿಟ್ಟ ಹಳೆಯ ಶಂಖಕ್ಕೆ ಹೋಗುತ್ತದೆ. ಕೆಲವು ಸಲ ಇದು ಜಗಳಕ್ಕಿಂತ ಅದಲುಬದಲು ಎಂದೇ ಹೇಳಬೇಕು, ಏಕೆಂದರೆ ಇಬ್ಬರಿಗೂ ಮೊದಲಿಗಿಂತ ಸರಿಯಾದ ಅಳತೆ ಸಿಕ್ಕಿರುತ್ತದೆ.

ನೆಲದ ಏಡಿಗಳು ಇನ್ನೂ ಒಂದು ಹೆಜ್ಜೆ ಮುಂದೆ. ಮಧ್ಯ ಅಮೆರಿಕದ ಸೀನೊಬಿಟಾ ಕಂಪ್ರೆಸಸ್ ಎಂಬ ಜಾತಿ ಶಂಖದ ಒಳಗನ್ನು ಸವೆಸಿ ಸವೆಸಿ ನಡುಗಂಬ ತೆಗೆದು, ಗೋಡೆ ತೆಳುವಾಗಿಸಿ, ಬಾಯಿ ಅಗಲಿಸುತ್ತದೆ. ಅಂಥ ಮನೆ ಹಗುರ ಮತ್ತು ವಿಶಾಲ. ಒಂದು ಶಂಖ ಒಂದರಿಂದ ಇನ್ನೊಂದಕ್ಕೆ ಹೋಗುತ್ತ ಹೀಗೆ ತಯಾರಾಗುತ್ತದೆ, ದೊಡ್ಡ ಏಡಿಗಳಿಗೆ ಕಡಲು ತಂದೆಸೆದ ಹೊಸ ಶಂಖ ಬೇಡ, ಹಿಂದಿನವರು ಕೊರೆದಿಟ್ಟ ಹಳೆಯದೇ ಬೇಕು. ಅದಕ್ಕೇ ತಮ್ಮದೇ ಜಾತಿಯ ಸತ್ತ ಏಡಿಯ ವಾಸನೆ ಬಂದರೆ ಅವು ಓಡಿಬರುತ್ತವೆ. ಒಂದು ಸಾವು ಎಂದರೆ ಒಂದು ಖಾಲಿ ಮನೆ.

ಈ ಸೂಕ್ಷ್ಮ ಬುದ್ಧಿಯೇ ಈಗ ಅವುಗಳಿಗೆ ಉರುಳಾಗಿದೆ. ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳಲ್ಲಿ ಮತ್ತು ಪೆಸಿಫಿಕ್ಕಿನ ಹೆಂಡರ್ಸನ್ ದ್ವೀಪದಲ್ಲಿ ದಡಕ್ಕೆ ಬಿದ್ದ ಪ್ಲಾಸ್ಟಿಕ್ ಬಾಟಲಿ, ಡಬ್ಬಿಗಳೊಳಗೆ ಸಿಕ್ಕಿಕೊಂಡು ಸತ್ತಿರುವ ಏಡಿಗಳ ಸಂಖ್ಯೆ ಸುಮಾರು 5.7 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಒಂದೇ ಡಬ್ಬಿಯಲ್ಲಿ 526 ಏಡಿಗಳು ಸಿಕ್ಕವು. ಬಾಟಲಿಯ ಬಾಯಿ ಮೇಲ್ಮುಖವಾಗಿ ವಾಲಿದ್ದರೆ ಒಳಗೆ ಇಳಿದ ಏಡಿ ನುಣುಪಾದ ಗೋಡೆ ಹತ್ತಲಾರದು. ಸತ್ತ ಒಂದರ ವಾಸನೆಗೆ ಮನೆ ಖಾಲಿಯಾಯಿತೆಂದು ಇನ್ನೊಂದು ಬರುತ್ತದೆ, ಅದೂ ಬೀಳುತ್ತದೆ. 2024ರ ಇನ್ನೊಂದು ಅಧ್ಯಯನ ಜನ ಅಂತರ್ಜಾಲಕ್ಕೆ ಹಾಕಿದ ಫೋಟೋಗಳನ್ನು ಜಾಲಾಡಿ, ಶಂಖದ ಬದಲು ಕಸವನ್ನು ಹೊತ್ತ 386 ಏಡಿಗಳನ್ನು ಗುರುತಿಸಿತು. ಸುಮಾರು 85 ಶೇಕಡ ಹೊತ್ತದ್ದು ಪ್ಲಾಸ್ಟಿಕ್ ಮುಚ್ಚಳ. ಹಗುರ ಎಂಬ ಒಂದು ಅಂಶ ಅದರಲ್ಲಿ ಗೆದ್ದಿರಬಹುದು, ಆದರೆ ಮುಚ್ಚಳದಲ್ಲಿ ನಡುಗಂಬವಿಲ್ಲ, ಪೂರ್ತಿ ಒಳಸರಿಯಲು ಓಣಿಯಿಲ್ಲ.

ಚಿಕ್ಕಬಳ್ಳಾಪುರಕ್ಕೆ ಬಂದುಬಿಟ್ಟಿದ್ದರೆ

ಏಡಿ ಇಲ್ಲಿಗೆ ಬರದಂತೆ ನೋಡಿಕೊಳ್ಳುವುದೇ ಸರಿ. ತೀರದಲ್ಲಿ ಶಂಖ ಕಂಡಾಗ ಅದನ್ನು ನೆರಳಿನಲ್ಲಿ, ಅಂಗೈ ಆಳದ ಕಡಲ ನೀರಿನಲ್ಲಿ ಬಾಯಿ ಮೇಲಾಗಿ ಇಟ್ಟು ಹದಿನೈದು ನಿಮಿಷ ದೂರ ನಿಲ್ಲಿ. ಏಡಿಯಿದ್ದರೆ ಕಾಲು ಹೊರಗಿಟ್ಟು ತಾನೇ ಮಗುಚಿಕೊಳ್ಳುತ್ತದೆ. ಇಲ್ಲದಿದ್ದರೂ ತೂತಿಲ್ಲದ ದೊಡ್ಡ ಶಂಖಗಳನ್ನು ಅಲ್ಲೇ ಬಿಡುವುದು ಒಳ್ಳೆಯದು. ಕೆಲವು ಜಾತಿಯ ಶಂಖಗಳಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ, ಅವನ್ನು ತರುವುದೇ ಅಪರಾಧ.

ನಮ್ಮ ಕರಾವಳಿಯಲ್ಲಿ ಅಲೆ ಇಳಿದಾಗ ಸಿಗುವ ಏಡಿಗಳು ಬಹುತೇಕ ಕ್ಲಿಬನೇರಿಯಸ್, ಡಯೋಜಿನಿಸ್ ಕುಲದವು. ಇವು ಕಡಲಿನವು. ಬಾಟಲಿಯಲ್ಲಿ ಹಿಡಿ ಮರಳು ಹಾಕಿ ತಂದರೆ ಬದುಕುವುದಿಲ್ಲ, ಅಡುಗೆ ಉಪ್ಪು ಬೆರೆಸಿದ ನೀರೂ ಕಡಲ ನೀರಾಗುವುದಿಲ್ಲ. ಸಾಕುಪ್ರಾಣಿಯಾಗಿ ಮಾರುವುದು ನೆಲದ ಏಡಿಗಳನ್ನು. ಅವಕ್ಕೂ ನಮ್ಮ ಬಯಲುಸೀಮೆಯ ಹವೆ ಹಿಡಿಸದು. ಅವಕ್ಕೆ 75ರಿಂದ 85 ಶೇಕಡ ತೇವಾಂಶ, 24ರಿಂದ 29 ಡಿಗ್ರಿ ಶಾಖ ಬೇಕು. ನಂದಿಬೆಟ್ಟದ ಬುಡದ ಜನವರಿ ರಾತ್ರಿಯ ಚಳಿಯೂ ಮಾರ್ಚಿನ ಒಣಗಾಳಿಯೂ ಅವುಗಳ ಕಿವಿರಿಗೆ ಏಟು. ಗಾಜಿನ ಮುಚ್ಚಳದ ತೊಟ್ಟಿ, ಒಳಗೆ ತೇವದ ಅಳತೆ ತೋರಿಸುವ ಮೀಟರು, ಹಿಡಿದು ಉಂಡೆ ಕಟ್ಟಿದರೆ ನಿಲ್ಲುವಷ್ಟು ಒದ್ದೆಯಾದ ಮರಳು ಕನಿಷ್ಠ 15 ಸೆಂಟಿಮೀಟರ್ ಆಳ, ಇವಿಲ್ಲದೆ ಅವು ಪೊರೆ ಬಿಡಲಾರವು. ಮರಳಿನಡಿ ವಾರಗಟ್ಟಲೆ ಕಾಣದೆ ಹೋದ ಏಡಿ ಸತ್ತಿದೆಯೆಂದು ಅಗೆಯಬೇಡಿ. ಎರಡು ಬಟ್ಟಲು ನೀರಿರಲಿ: ಒಂದರಲ್ಲಿ ಕ್ಲೋರಿನ್ ತೆಗೆದ ಸಿಹಿನೀರು, ಇನ್ನೊಂದರಲ್ಲಿ ಅಕ್ವೇರಿಯಂ ಅಂಗಡಿಯ ಕಡಲುಪ್ಪು ಲೀಟರಿಗೆ ಸುಮಾರು 35 ಗ್ರಾಂ ಬೆರೆಸಿದ ನೀರು.

ಶಂಖದ ವಿಚಾರದಲ್ಲಿ ಜನ ಎಡವುವುದು ಒಂದನ್ನೇ ಕೊಟ್ಟು ಸುಮ್ಮನಾಗುವುದರಲ್ಲಿ. ಒಂದು ಏಡಿಗೆ ಮೂರರಿಂದ ಐದು ಶಂಖ ಇಡಿ. ಈಗಿನ ಶಂಖದ ಬಾಯಿಯನ್ನು ಸ್ಕೇಲಿನಿಂದ ಅಳೆದು, ಅಷ್ಟೇ ಅಳತೆಯದೊಂದು, ಎರಡು ಮೂರು ಮಿಲಿಮೀಟರ್ ದೊಡ್ಡದೊಂದೆರಡು, ಐದಾರು ಮಿಲಿಮೀಟರ್ ದೊಡ್ಡದೊಂದು. ಐದು ನಿಮಿಷ ಕುದಿಸಿ, ಆರಿಸಿ, ಅಲ್ಲಾಡಿಸಿ ಒಳಗೆ ಕಲ್ಲಿಲ್ಲವೆಂದು ನೋಡಿ. ಬಣ್ಣ ಬಳಿದ ಶಂಖ ಬೇಡವೇ ಬೇಡ, ಬಣ್ಣ ಚಕ್ಕೆಯೆದ್ದು ಏಡಿಯ ಬಾಯಿಗೆ ಹೋಗುತ್ತದೆ. ನಮ್ಮ ತೋಟಗಳಿಗೆ ಪಿಡುಗಾದ ಆಫ್ರಿಕನ್ ಬಸವನಹುಳುವಿನ ಚಿಪ್ಪನ್ನು ದ್ವೀಪಗಳ ನೆಲದ ಏಡಿಗಳು ಸಂತೋಷದಿಂದ ಹೊರುತ್ತವೆ, ಆದ್ದರಿಂದ ಅದನ್ನೂ ಇಡಬಹುದು. ಆದರೆ ವಿಷದ ಗುಳಿಗೆ ಹಾಕಿದ ತೋಟದ ಚಿಪ್ಪು ತರಬೇಡಿ. ಬರಿಗೈಯಲ್ಲಿ ಆ ಹುಳುವನ್ನು ಮುಟ್ಟಲೂ ಬೇಡಿ, ಅದರಲ್ಲಿ ಮನುಷ್ಯರಿಗೆ ತಗಲುವ ಪರಾವಲಂಬಿ ಹುಳುಗಳಿರಬಹುದು.

ಶಂಖಗಳನ್ನು ಬಾಯಿ ಮೇಲಾಗಿ ನೀರಿನ ಬಟ್ಟಲ ಹತ್ತಿರ ಸಾಲಾಗಿ ಇಟ್ಟು, ದೀಪ ಆರಿಸಿ, ಬಿಟ್ಟುಬಿಡಿ. ಬದಲಾಯಿಸುವುದು ಹೆಚ್ಚಾಗಿ ರಾತ್ರಿ. ಬೆಳಿಗ್ಗೆ ಶಂಖಗಳು ಉರುಳಿ ಜಾಗ ಬದಲಿಸಿದ್ದರೆ ಪರೀಕ್ಷೆ ನಡೆದಿದೆ ಎಂದರ್ಥ, ಏಡಿ ಹಳೆಯದರಲ್ಲೇ ಇದ್ದರೂ ಗಾಬರಿಯಾಗಬೇಡಿ. ಹೊಸದಕ್ಕೆ ಹೋಗಿದ್ದರೆ ಹಳೆಯದನ್ನು ತಕ್ಷಣ ತೆಗೆಯಬೇಡಿ. ಎರಡು ವಾರವಾದರೂ ಇದ್ದ ಜಾಗದಲ್ಲೇ ಇರಲಿ, ಏಡಿ ಅದಕ್ಕೆ ವಾಪಸ್ಸು ಬರಬಹುದು.